ಸಹಾಯ ಬೇಕು: ವ್ಯಾನ್ ಮಾರಿಸನ್ ಸಿಡಿಯ ಬುಕ್‌ಲೆಟ್ ಯಾರ ಹತ್ರ ಇದೆ?

ವ್ಯಾನ್ ಮಾರಿಸನ್ ಅವರ 'ಕೀಪ್ ಇಟ್ ಸಿಂಪಲ್' (2008) ಹಳೇ ಸಿಡಿ ಸಿಕ್ಕಿತು, ಆದರೆ ಒಳಗಿನ ಬುಕ್‌ಲೆಟ್ಟೇ ಇಲ್ಲ. ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನ ಈ ಗಾಯಕ ಅರವತ್ತೆರಡನೇ ವಯಸ್ಸಿನಲ್ಲಿ ಹೊರತಂದ ಆಲ್ಬಂ ಇದು. ಒಂದು ಕಡೆ ಅಪ್ಪಟ ಬ್ಲೂಸ್, ಇನ್ನೊಂದು ಕಡೆ ಐರಿಷ್ ಜನಪದದ ಎಳೆ, ಕೊನೆಯ ಹಾಡು 'ಬಿಹೈಂಡ್ ದ ರಿಚುಯಲ್'ನಲ್ಲಂತೂ ಮಾತು ಸಾಕಾಯ್ತೇನೋ ಅನ್ನೋ ಹಾಗೆ ಸುಮ್ನೆ 'ಬ್ಲಾ ಬ್ಲಾ ಬ್ಲಾ' ಅಂತ ಹಾಡಿಬಿಡುತ್ತಾರೆ, ಅದೂ ಚೆನ್ನಾಗೇ ಇದೆ!

ಯಾರು ಯಾವ ವಾದ್ಯ ನುಡಿಸಿದ್ದಾರೆ ಅನ್ನೋ ಪುಟದ ಫೋಟೋ ಸಿಗಬಹುದಾ? ಇದೇ ಆಲ್ಬಂನ 'ದಟ್ಸ್ ಎಂಟ್ರೇನ್‌ಮೆಂಟ್' ಹಾಡಿಗೆ ಯುಕುಲೇಲೆ (ಪುಟ್ಟ ಗಿಟಾರ್ ಥರದ ವಾದ್ಯ) ಕಾರ್ಡ್ಸ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗುಚ್ಛಗಳು, ಗೊತ್ತಿದ್ದರೆ ಅದೂ ಬೇಕು, ನಾನು ಕಿವಿಯಲ್ಲಿ ಹಿಡಿಯೋಕೆ ಹೋಗಿ ಎರಡು ದಿನ ಹಾಳಾಯ್ತು. ಇದೇ ಥರದ ಬೇರೆ ಆಲ್ಬಂ ಇದ್ದರೂ ತಿಳಿಸಿ. 1988ರಲ್ಲಿ ಐರಿಷ್ ಜನಪದ ಸಂಗೀತದ ಚೀಫ್ಟನ್ಸ್ ತಂಡದ ಜೊತೆ ಮಾಡಿದ 'ಐರಿಷ್ ಹಾರ್ಟ್‌ಬೀಟ್' ಆಗಲೇ ಕೇಳಿದ್ದೇನೆ, ಅದು ಬಿಟ್ಟು.