ಪೈಥಾನ್ ಟೆಕ್ಸ್ಟ್‌ವ್ರ್ಯಾಪ್: ‘ಜನ-ಮನ’ ಒಡೆಯುತ್ತೆ, ‘ಮನೆ-ಮಠ’ ಯಾಕೆ ಒಡೆಯಲ್ಲ?

ಪ್ರಶ್ನೆ (ಹಿಂಜವಡಿ, ಪುಣೆ): ನಮಸ್ಕಾರ. ಇಲ್ಲಿನ ಕನ್ನಡ ಸಂಘದ ಸದಸ್ಯರಿಗೆ ಹೋಗುವ ಸೂಚನೆಗಳನ್ನು ಪೈಥಾನ್ 3.12 ಸ್ಕ್ರಿಪ್ಟ್‌ನಲ್ಲಿ ಸಾದಾ ಪಠ್ಯವಾಗಿ ತಯಾರಿಸುತ್ತೇವೆ. ಸಾಲು ಮುರಿಯಲು ಟೆಕ್ಸ್ಟ್‌ವ್ರ್ಯಾಪ್ ಮಾಡ್ಯೂಲ್. ಮೂರು ತೊಂದರೆ ಕಾಣ್ತಿದೆ. ‘ಜನ-ಮನ’ ಸಾಲಿನ ಕೊನೆಗೆ ಬಂದರೆ ಹೈಫನ್ ಹತ್ತಿರ ಒಡೆಯುತ್ತೆ, ‘ಮನೆ-ಮಠ’ ಮಾತ್ರ ಇಡಿಯಾಗಿ ಕೆಳಗಿನ ಸಾಲಿಗೆ ಹೋಗುತ್ತೆ. ಪಕ್ಕದ ಅಂಕಣಕ್ಕೆ ಅಗಲ 10 ಕೊಟ್ಟರೆ ‘ಸದಸ್ಯತ್ವನವೀಕರಣ’ ಅನ್ನೋದು ‘ಸದಸ್ಯತ್ವನವ’ ಅಂತ ಮುರಿದು, ಮುಂದಿನ ಸಾಲು ಚುಕ್ಕಿವೃತ್ತದ ಮೇಲೆ ಕೂತ ಬರೀ ದೀರ್ಘದಿಂದ ಶುರುವಾಗುತ್ತೆ. ಇನ್ನು ಎಫ್-ಸ್ಟ್ರಿಂಗ್‌ನಲ್ಲಿ (ಪಠ್ಯದೊಳಗೆ ಮೌಲ್ಯ ತುಂಬಿಸುವ ಪೈಥಾನ್ ಸ್ಟ್ರಿಂಗ್) 20ರ ಅಗಲ ಕೊಟ್ಟ ಹೆಸರಿನ ಕಾಲಂ ಸೊಟ್ಟ ಬರುತ್ತೆ. ಇವು ಲೈಬ್ರರಿಯ ಬಗ್‌ಗಳೇ? ತಿದ್ದಿ ಪೈಥಾನ್‌ನ ಮೂಲ ಕೋಡ್‌ಗೇ ಕಳಿಸಬಹುದಾ?

ಉತ್ತರ (ಮಾಟುಂಗಾ, ಮುಂಬೈ): ಮೊದಲೆರಡು ಬಗ್ ಅಂತಲೇ ಹೇಳ್ತೀನಿ. ಮೂರನೆಯದು ಅಲ್ಲ.

ಹೈಫನ್‌ದು ಹೀಗೆ. ಪೈಥಾನ್ ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ‘ಸ್ಲ್ಯಾಶ್-ಡಬ್ಲ್ಯು’ (ಬ್ಯಾಕ್‌ಸ್ಲ್ಯಾಶ್ ಮುಂದೆ ಡಬ್ಲ್ಯು) ಅಂದರೆ ಅಕ್ಷರ, ಅಂಕಿ, ಅಡಿಗೆರೆ, ಇಷ್ಟೇ. ಯೂನಿಕೋಡ್ ಪ್ರಕಾರ ನಮ್ಮ ಕ, ನ, ಮ ಎಲ್ಲ ‘ಅಕ್ಷರ’ ವರ್ಗ. ಆದರೆ ಾ, ಿ, ೆ, ್, ಂ ಇವು ‘ಗುರುತು’ ವರ್ಗ. ಹಾಗಾಗಿ ಪೈಥಾನ್ ಕಣ್ಣಿಗೆ ಅವು ಪದದ ಭಾಗವೇ ಅಲ್ಲ. ಟೆಕ್ಸ್ಟ್‌ವ್ರ್ಯಾಪ್‌ನ ಒಳಗಿನ ‘ವರ್ಡ್‌ಸೆಪ್-ಆರ್‌ಇ’ ಪ್ಯಾಟರ್ನ್ ಹೈಫನ್ ನಂತರ ಮುರಿಯಬೇಕಾದರೆ ಹಿಂದೆ ಎರಡು, ಮುಂದೆ ಎರಡು ಅಕ್ಷರ ಕೇಳುತ್ತೆ. ‘ಜನ-ಮನ’ದಲ್ಲಿ ನಾಲ್ಕೂ ಬರಿಯ ವ್ಯಂಜನ, ಪಾಸ್. ‘ಮನೆ-ಮಠ’ದಲ್ಲಿ ಹೈಫನ್ ಹಿಂದಿರೋದು ೆ, ಅಲ್ಲಿಗೆ ಫೇಲ್. ‘ದಿನ-ರಾತ್ರಿ’ಯಲ್ಲಿ ಎರಡೂ ಕಡೆ ಕೈಕೊಡುತ್ತೆ. ಈ ಎರಡಕ್ಷರದ ನಿಯಮ ಸುಮ್ಮನೆ ಇಟ್ಟದ್ದಲ್ಲ: ಕಮಾಂಡ್ ಆಯ್ಕೆಗಳ ಹೈಫನ್ ನಡುವೆ ಮುರಿದು ಹೆಲ್ಪ್ ಪಠ್ಯ ಕೆಡಬಾರದು ಅಂತ. ಕಮಾಂಡ್ ಆಯ್ಕೆ ಓದುವ ಆರ್ಗ್‌ಪಾರ್ಸ್ ಮಾಡ್ಯೂಲ್ ತನ್ನ ಹೆಲ್ಪ್ ಸಾಲುಗಳಿಗೆ ಇದನ್ನೇ ಬಳಸೋದು. ಆದ್ದರಿಂದ ನಿಯಮ ಕಿತ್ತುಹಾಕಬೇಡಿ, ‘ಅಕ್ಷರ’ದ ವ್ಯಾಖ್ಯೆಯನ್ನಷ್ಟೇ ಅಗಲಿಸಿ.

ಸದ್ಯಕ್ಕೆ ನಿಮ್ಮ ಸ್ಕ್ರಿಪ್ಟ್‌ನಲ್ಲೇ ಮಾಡಬಹುದು. ಟೆಕ್ಸ್ಟ್‌ವ್ರ್ಯಾಪರ್ ಕ್ಲಾಸ್‌ನ ಸಬ್‌ಕ್ಲಾಸ್ ಬರೆಯಿರಿ. ವರ್ಡ್‌ಸೆಪ್-ಆರ್‌ಇ ಕ್ಲಾಸ್ ಗುಣ, ಅದರ ‘ಪ್ಯಾಟರ್ನ್’ನಿಂದ ಮೂಲ ಸ್ಟ್ರಿಂಗ್ ಸಿಗುತ್ತೆ. ಅದರಲ್ಲಿ ‘ಅಂಕಿಯಲ್ಲದ ಪದಾಕ್ಷರ’ ಅನ್ನೋ ಚೌಕಾವರಣದ ತುಂಡು ಇರುವಲ್ಲೆಲ್ಲ ‘ಅದು ಅಥವಾ ಕನ್ನಡ ಗುರುತು’ ಅಂತ ರಿಪ್ಲೇಸ್ ಮಾಡಿ. ಗುರುತಿನ ಗುಂಪಿಗೆ ಂ, ಃ, ನುಕ್ತ, ಾ ಇಂದ ್ ವರೆಗಿನ ಸಾಲು, ಜೊತೆಗೆ ೕ ಮತ್ತು ೖ ಸೇರಿಸಿ. ಶೂನ್ಯ ಅಗಲದ ಜಾಯ್ನರ್, ನಾನ್-ಜಾಯ್ನರ್ (ಅಕ್ಷರ ಕೂಡಿಸಲು, ಬಿಡಿಸಲು ಹಾಕುವ ಕಾಣದ ಚಿಹ್ನೆಗಳು) ಮರೆಯಬೇಡಿ, ‘ಸಾಫ್ಟ್‌ವೇರ್’ ಬರೆದಾಗ ಒಳಗೆ ಒಂದು ಇರುತ್ತೆ. ಪದಾಕ್ಷರ, ವಿರಾಮ ಚಿಹ್ನೆಗಳಿರುವ ಇನ್ನೊಂದು ಗುಂಪಿಗೂ ಇದನ್ನೇ ಸೇರಿಸಿ. ಮತ್ತೆ ಕಂಪೈಲ್ ಮಾಡುವಾಗ ವರ್ಬೋಸ್ ಫ್ಲ್ಯಾಗ್ ಕಡ್ಡಾಯ. ಬಿಟ್ಟರೆ ಪ್ಯಾಟರ್ನ್‌ನೊಳಗಿನ ಸ್ಪೇಸ್, ಕಾಮೆಂಟುಗಳೇ ಹುಡುಕಬೇಕಾದ ಪಠ್ಯವಾಗಿಬಿಡುತ್ತವೆ, ಸ್ಪೇಸ್ ಹತ್ತಿರವೂ ಮುರಿಯದೆ ಇಡೀ ಪಠ್ಯವನ್ನು ಒಂದೇ ಉದ್ದ ಪದ ಅಂದುಕೊಂಡು ಎಲ್ಲೆಂದರಲ್ಲಿ ಕತ್ತರಿಸುತ್ತೆ, ಎರರ್ ಕೂಡ ಬರಲ್ಲ.

‘ವ್ಯಂಜನ, ಆಮೇಲೆ ಎಷ್ಟಾದರೂ ಗುರುತು’ ಅಂತ ಚಂದವಾಗಿ ಬರೆಯೋಣ ಅಂತ ಹೊರಟರೆ ಲುಕ್‌ಬಿಹೈಂಡ್ (ಹಿಂದೆ ಏನಿದೆ ಅಂತ ನೋಡುವ ರೆಜೆಕ್ಸ್ ಭಾಗ) ಒಪ್ಪಲ್ಲ. ಅದಕ್ಕೆ ನಿಗದಿತ ಅಗಲ ಬೇಕು. ಒಂದೊಂದೇ ಕೋಡ್‌ಪಾಯಿಂಟ್‌ನ (ಯೂನಿಕೋಡ್ ಸಂಖ್ಯೆ ಕೊಟ್ಟ ಒಂದೊಂದು ಬಿಡಿ ಚಿಹ್ನೆ) ‘ಅಥವಾ’ ಸಾಕು.

ಪ್ರಶ್ನೆ (ಹಿಂಜವಡಿ): ರೆಜೆಕ್ಸ್ ಅಂತ ಹೊರಗಿನ ಪ್ಯಾಕೇಜ್ ಇದೆಯಲ್ಲ ಸರ್, ಅದರಲ್ಲಿ ಅಕ್ಷರಗುಚ್ಛವನ್ನೇ ಹಿಡಿಯುವ ‘ಸ್ಲ್ಯಾಶ್-ಎಕ್ಸ್’ ಹಾಕಿದರೆ ಎರಡನೇ ತೊಂದರೆ ಹೋಗಲ್ವಾ?

ಉತ್ತರ (ಮಗರ್‌ಪಟ್ಟಾ, ಪುಣೆ): ಅರ್ಧ ಹೋಗುತ್ತೆ. ಸ್ವರ ಚಿಹ್ನೆ ಅನಾಥವಾಗೋದು ತಪ್ಪುತ್ತೆ, ಒತ್ತಕ್ಷರ ಮುರಿಯೋದು ತಪ್ಪಲ್ಲ. ಸಂಯುಕ್ತಾಕ್ಷರ ಒಡೆಯಬಾರದು ಅನ್ನೋ ನಿಯಮ ಯೂನಿಕೋಡ್ 15.1ರಲ್ಲಿ (2023) ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರೊಳಗಿದ್ದವು, ಕನ್ನಡ ಇರಲಿಲ್ಲ. ಹಾಗಾಗಿ ‘ಸ್ತ್ರೀ’ಯ ಆರು ಕೋಡ್‌ಪಾಯಿಂಟ್ ಒಂದೇ ಗುಚ್ಛ ಆಗದೆ ಮೂರಾಗುತ್ತೆ.

ಕೈಯಾರೆ ಬರೆಯೋದೇ ಒಳ್ಳೇದು. ‘ಹ್ಯಾಂಡಲ್-ಲಾಂಗ್-ವರ್ಡ್’ ಮೆಥಡ್ ಇಡೀ ಸಾಲಿಗಿಂತ ಉದ್ದದ ಪದಕ್ಕೆ ಮಾತ್ರ ಓಡುತ್ತೆ, ಕೋಡ್‌ಪಾಯಿಂಟ್ ಎಣಿಸಿ ಕತ್ತರಿಸುತ್ತೆ. ಸಬ್‌ಕ್ಲಾಸ್‌ನಲ್ಲಿ ಅದನ್ನು ಓವರ್‌ರೈಡ್ ಮಾಡಿ. ಕತ್ತರಿಸುವ ಜಾಗ ಲೆಕ್ಕ ಹಾಕಿದ ಮೇಲೆ, ಆ ಜಾಗದ ಮುಂದಿನದು ಗುರುತು ಅಥವಾ ಜಾಯ್ನರ್ ಆಗಿದ್ದರೆ, ಇಲ್ಲವೇ ಹಿಂದಿನದು ್ ಆಗಿದ್ದರೆ, ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಗುರುತು ಹೌದೋ ಅಲ್ಲವೋ ಅಂತ ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ಕೆಟಗರಿ ಹೇಳುತ್ತೆ. ನಿಮ್ಮ ಪದದಲ್ಲಿ 10ರಿಂದ 9ಕ್ಕೆ ಸರಿದು ‘ಸದಸ್ಯತ್ವನ / ವೀಕರಣ’ ಆಗುತ್ತೆ. ಅಗಲ 7 ಇಟ್ಟರೆ 5ಕ್ಕೆ ಸರಿದು ಮೊದಲ ಸಾಲಲ್ಲಿ ‘ಸದಸ್ಯ’ ಉಳಿಯುತ್ತೆ.

ಕೆಡೋದು ಸೊನ್ನೆಗೆ ಬಂದಾಗ. ಸಾಲು ಖಾಲಿ ಇದ್ದು ಜಾಗ ಸೊನ್ನೆ ಆದರೆ ಪದ ಕರಗುವುದೇ ಇಲ್ಲ, ಹೊರಗಿನ ಲೂಪ್ ಅನಂತ. ಆಗ ಉಲ್ಟಾ ಮುಂದೆ ಹೋಗಿ ಒಂದು ಪೂರ್ತಿ ಅಕ್ಷರ ತಗೊಳ್ಳಿ, ಅಗಲ ಮೀರಿದರೂ ಪರವಾಗಿಲ್ಲ. ಸಾಲಲ್ಲಿ ಈಗಾಗಲೇ ಏನಾದರೂ ಇದ್ದರೆ ಏನೂ ಸೇರಿಸದೆ ರಿಟರ್ನ್ ಆಗಿ. ಖಾಲಿ ಸ್ಟ್ರಿಂಗ್ ಸೇರಿಸಿದರೆ ಕೊನೆಯ ಸ್ಪೇಸ್ ತೆಗೆಯುವ ಹಂತ ಆ ಖಾಲಿಯನ್ನು ತೆಗೆದು ನಿಜವಾದ ಸ್ಪೇಸ್ ಉಳಿಸುತ್ತೆ. ಕಣ್ಣಿಗೆ ಕಾಣಲ್ಲ, ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತೆ.

ಇದೆಲ್ಲಕ್ಕೂ ಮೊದಲು ಪಠ್ಯವನ್ನು ಎನ್‌ಎಫ್‌ಸಿಗೆ (ಯೂನಿಕೋಡ್‌ನ ಕೂಡಿಸಿದ ರೂಪ) ತನ್ನಿ. ಬಿಡಿಸಿದ ರೂಪದಲ್ಲಿ ೋ ಮೂರು ಕೋಡ್‌ಪಾಯಿಂಟ್, ‘ಮುಂಬೈ’ ಐದರ ಬದಲು ಆರು.

ಉತ್ತರ (ಮಾಟುಂಗಾ): ಕಾಲಂ ಬಗ್ಗೆ ಎರಡು ಮಾತು. ಫಾರ್ಮ್ಯಾಟ್‌ನ ಅಗಲ ಎಣಿಸೋದು ಕೋಡ್‌ಪಾಯಿಂಟ್, ಪರದೆಯ ಮೇಲಿನ ಅಗಲವಲ್ಲ. ಅದನ್ನು ಬಗ್ ಅಂತ ಹಾಕಿದರೆ ಮುಚ್ಚಿಬಿಡ್ತಾರೆ, ಸರಿಯಾಗೇ ಮುಚ್ಚುತ್ತಾರೆ. ಕನ್ನಡ ಫಾಂಟ್‌ನಲ್ಲಿ ‘ಣ’ ಮತ್ತು ‘ರ’ ಒಂದೇ ಅಗಲ ಇರಲ್ಲ, ಟರ್ಮಿನಲ್‌ನಿಂದ ಟರ್ಮಿನಲ್‌ಗೂ ವ್ಯತ್ಯಾಸ. ಹೆಸರಿನ ಪಟ್ಟಿಯನ್ನು ಎಚ್‌ಟಿಎಂಎಲ್ ಟೇಬಲ್ ಮಾಡಿ ಅಥವಾ ಸಿಎಸ್‌ವಿ ಕೊಡಿ. ಕೋಡ್‌ಪಾಯಿಂಟ್ ಎಣಿಕೆ ನಿಮಗೆ ಅನುಕೂಲ ಆಗೋದು ಎಸ್‌ಎಂಎಸ್‌ನಲ್ಲಿ: ಕನ್ನಡ ಸಂದೇಶಕ್ಕೆ 70ರ ಮಿತಿ, ಜೋಡಿಸಿದ ಸಂದೇಶವಾದರೆ ತುಂಡಿಗೆ 67. ಅಲ್ಲಿ ಪೈಥಾನ್‌ನ ಉದ್ದವೇ ಸರಿಯಾದ ಉದ್ದ, ಇಮೋಜಿ ಹಾಕದಿದ್ದರೆ.

ಪ್ರಶ್ನೆ (ಪಣಜಿ, ಗೋವಾ): ದೇವನಾಗರಿಯ ಕೊಂಕಣಿ, ಮರಾಠಿಗೂ ಇದೇ ಕಾಯಿಲೆ ಇರಬೇಕಲ್ಲ? ‘ಘರ-ದಾರ’ ನಮ್ಮಲ್ಲೂ ಒಡೆಯಲ್ಲ. ಹಾಗಿದ್ದರೆ ಪ್ಯಾಚ್ ಎಲ್ಲ ಲಿಪಿಗೂ ಸೇರಿಸಿ ಹೇಗೆ ಬರೆಯೋದು?

ಉತ್ತರ (ಮಗರ್‌ಪಟ್ಟಾ): ಹೌದು, ‘ದಾ’ದ ಕಾನಾ (ದೇವನಾಗರಿಯ ದೀರ್ಘ ಆ ಚಿಹ್ನೆ) ಅಡ್ಡ ಬರುತ್ತೆ. ಕನ್ನಡದ್ದೊಂದೇ ಪಟ್ಟಿ ಹಾಕಿದ ಪ್ಯಾಚ್ ಮೂಲದಲ್ಲಿ ನಿಲ್ಲಲ್ಲ.

ಮೂರು ದಾರಿ ಇದೆ. ಸ್ಲ್ಯಾಶ್-ಡಬ್ಲ್ಯುವನ್ನೇ ತಿದ್ದೋದು ಒಂದು. ಯೂನಿಕೋಡ್‌ನ ರೆಜೆಕ್ಸ್ ಮಾರ್ಗಸೂಚಿಯೂ ಗುರುತುಗಳು ಪದದೊಳಗಿರಬೇಕು ಅಂತಲೇ ಹೇಳುತ್ತೆ. ಆದರೆ ಅದನ್ನು ಮುಟ್ಟಿದರೆ ಜಗತ್ತಿನ ಎಲ್ಲ ಪೈಥಾನ್ ಪ್ರೋಗ್ರಾಂಗಳ ವರ್ತನೆ ಬದಲಾಗುತ್ತೆ, ಆ ಗೂಡಿಗೆ ಕೈ ಹಾಕಬೇಡಿ. ಎರಡನೆಯದು, ಮಾಡ್ಯೂಲ್ ಲೋಡ್ ಆಗುವಾಗ 11,14,112 ಕೋಡ್‌ಪಾಯಿಂಟ್ ಜಾಲಾಡಿ ಗುರುತಿನ ಪಟ್ಟಿ ಕಟ್ಟೋದು. ಇಂಪೋರ್ಟ್ ನಿಧಾನ ಅಂತ ತಕ್ಷಣ ಆಕ್ಷೇಪ ಬರುತ್ತೆ. ಮೂರನೆಯದು, ಆಸ್ಕಿ ಅಲ್ಲದ, ಸ್ಪೇಸ್ ಅಲ್ಲದ, ಅಂಕಿಯೂ ಅಲ್ಲದ ಯಾವುದನ್ನೂ ಅಕ್ಷರ ಅಂತ ಒಪ್ಪೋದು. ಸಣ್ಣದು, ವೇಗದ್ದು, ಆದರೆ ಸುರುಳಿ ಉದ್ಧರಣ ಚಿಹ್ನೆಗಳೂ ಒಳಗೆ ಬರುತ್ತವೆ. ನಾನಾದರೆ ಮೂರನೆಯದನ್ನೇ ಆರಿಸಿ, ಸಾಮಾನ್ಯ ವಿರಾಮ ಚಿಹ್ನೆಗಳ ಬ್ಲಾಕನ್ನು ಹೊರಗಿಟ್ಟು, ಅದೇ ಬ್ಲಾಕಿನ ಎರಡು ಜಾಯ್ನರ್‌ಗಳನ್ನು ವಾಪಸ್ ಸೇರಿಸ್ತೀನಿ.

ಕೆಲಸದ ಕ್ರಮ: ಗಿಟ್‌ಹಬ್‌ನಲ್ಲಿ ಸಿಪೈಥಾನ್‌ನ (ಪೈಥಾನ್‌ನ ಮೂಲ ಕೋಡ್ ಇರುವ ಯೋಜನೆ) ಇಶ್ಯೂಗಳಲ್ಲಿ ಮೊದಲು ಹುಡುಕಿ, ಹಳೆಯದು ಸಿಕ್ಕರೆ ಅಲ್ಲೇ ಸೇರಿಸಿ. ಇಲ್ಲದಿದ್ದರೆ ನಾಲ್ಕು ಸಾಲಿನ ಮರುಸೃಷ್ಟಿ ಕೋಡ್ ಜೊತೆ ಹೊಸದು. ಅಕ್ಷರಗಳನ್ನು ಯೂನಿಕೋಡ್ ಎಸ್ಕೇಪ್ ಆಗಿಯೂ ಕೊಡಿ, ಓದುವವರಿಗೆ ಕನ್ನಡ ಫಾಂಟ್ ಇರಲೇಬೇಕು ಅಂತಿಲ್ಲ. ಫೋರ್ಕ್ ಮಾಡಿ, ಮೇನ್‌ನಿಂದ ಬ್ರಾಂಚ್ ತೆಗೆದು, ಪೈಡೀಬಗ್ ಆಯ್ಕೆಯೊಂದಿಗೆ ಕಾನ್ಫಿಗರ್, ಆಮೇಲೆ ಮೇಕ್. ಟೆಕ್ಸ್ಟ್‌ವ್ರ್ಯಾಪ್ ಪೂರ್ತಿ ಪೈಥಾನ್‌ನಲ್ಲೇ ಇರೋದರಿಂದ ಒಮ್ಮೆ ಬಿಲ್ಡ್ ಆದ ಮೇಲೆ ತಿದ್ದಿದಾಗೆಲ್ಲ ಮತ್ತೆ ಮೇಕ್ ಬೇಡ. ಮೊದಲು ಟೆಸ್ಟ್ ಬರೆಯಿರಿ, ಫೇಲ್ ಆಗೋದನ್ನು ನೋಡಿ, ಆಮೇಲೆ ಕೋಡ್ ಮುಟ್ಟಿ. ಟೆಸ್ಟ್ ಫೈಲ್‌ನಲ್ಲಿ ‘ಚೆಕ್-ವ್ರ್ಯಾಪ್’ ಅನ್ನೋ ಸಹಾಯಕ ಈಗಾಗಲೇ ಇದೆ: ಪಠ್ಯ, ಅಗಲ, ನಿರೀಕ್ಷಿತ ಸಾಲುಗಳ ಪಟ್ಟಿ ಕೊಟ್ಟರೆ ಆಯ್ತು. ಆರ್ಗ್‌ಪಾರ್ಸ್‌ನ ಟೆಸ್ಟೂ ಓಡಿಸಿ, ಕೆಟ್ಟರೆ ಮೊದಲು ಕೆಡೋದು ಅದೇ.

ಬ್ಲರ್ಬ್ ಟೂಲ್‌ನಿಂದ ಒಂದು ಸುದ್ದಿ ಟಿಪ್ಪಣಿ ಬೇಕು, ಪುಲ್ ರಿಕ್ವೆಸ್ಟ್ ತಲೆಬರಹದಲ್ಲಿ ಇಶ್ಯೂ ಸಂಖ್ಯೆ ಇರಬೇಕು, ಕೊಡುಗೆದಾರರ ಒಪ್ಪಂದಕ್ಕೆ ಬಾಟ್ ಕೇಳಿದಾಗ ಸಹಿ ಹಾಕಿ. ಹೈಫನ್‌ಗೊಂದು, ಉದ್ದ ಪದಕ್ಕೊಂದು, ಎರಡು ಬೇರೆ ಬೇರೆ ಕಳಿಸಿ. ಸಾಲು ಮುರಿಯುವ ಜಾಗ ಬದಲಾಗುವ ತಿದ್ದುಪಡಿ ಹಳೆಯ ಆವೃತ್ತಿಗಳಿಗೆ ಹೋಗದೆ ಮುಂದಿನ ಬಿಡುಗಡೆಗೇ ನಿಲ್ಲುವ ಸಾಧ್ಯತೆ ಹೆಚ್ಚು. ಆದ್ದರಿಂದ ಸಂಘದ ಸ್ಕ್ರಿಪ್ಟ್‌ನ ಸಬ್‌ಕ್ಲಾಸ್ ಅಳಿಸಬೇಡಿ.

ಪ್ರಶ್ನೆ (ಹಿಂಜವಡಿ): ಧನ್ಯವಾದ ಸರ್. ಒಂದು ಚಿಕ್ಕದು: ಚಂದಾ ಮೊತ್ತ 12,34,567 ಅಂತ ಬರಬೇಕು, 1,234,567 ಬರ್ತಿದೆ.

ಉತ್ತರ (ಮಾಟುಂಗಾ): ಕಾಮಾ ಆಯ್ಕೆ ಸದಾ ಮೂರು ಮೂರೇ ಗುಂಪು ಮಾಡುತ್ತೆ. ಲೊಕೇಲ್ (ದೇಶ, ಭಾಷೆಗೆ ತಕ್ಕ ಬರಹ ಪದ್ಧತಿ) ಅನ್ನು ಭಾರತದ ಇಂಗ್ಲಿಷ್‌ಗೆ ಸೆಟ್ ಮಾಡಿ, ಲೊಕೇಲ್ ಮಾಡ್ಯೂಲ್‌ನ ‘ಫಾರ್ಮ್ಯಾಟ್-ಸ್ಟ್ರಿಂಗ್’ ಅನ್ನು ಗ್ರೂಪಿಂಗ್ ಆನ್ ಮಾಡಿ ಬಳಸಿ. ಹಳೆಯ ‘ಲೊಕೇಲ್-ಫಾರ್ಮ್ಯಾಟ್’ 3.12ರಲ್ಲಿ ತೆಗೆದಾಗಿದೆ. ‘ಎನ್’ ಫಾರ್ಮ್ಯಾಟ್ ಪೂರ್ಣಾಂಕಕ್ಕೆ ಸರಿ, ಪೈಸೆ ಇರುವ ಫ್ಲೋಟ್‌ಗೆ ಬೇಡ. ಇಂಥ ದೊಡ್ಡ ಮೊತ್ತವನ್ನು ಆರು ಅಂಕಿಗೆ ದುಂಡಾಗಿಸಿ ಘಾತರೂಪದಲ್ಲಿ ಬರೆಯುತ್ತೆ. ಉಬುಂಟು ಸರ್ವರ್‌ನಲ್ಲಿ ಆ ಲೊಕೇಲ್ ಇನ್‌ಸ್ಟಾಲ್ ಆಗಿಲ್ಲದಿದ್ದರೆ ಎರರ್ ಬರುತ್ತೆ, ಮೊದಲು ಪಟ್ಟಿ ನೋಡಿ. ಸೆಟ್ ಮಾಡಿದ್ದು ಇಡೀ ಪ್ರೊಸೆಸ್‌ಗೆ ಅನ್ವಯ, ಹಾಗಾಗಿ ಥ್ರೆಡ್‌ಗಳಿರುವ ವೆಬ್ ಆ್ಯಪ್ ಆದರೆ ಬೇಬೆಲ್ ಪ್ಯಾಕೇಜ್ ಹಾಕಿಕೊಳ್ಳಿ.