ಎಸ್‌ಡಿಎಂಸಿಗೆ ನಿಲ್ಲುವವರು, ಗೆದ್ದವರು ಕೇಳಿದ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹಲವು ಸರ್ಕಾರಿ ಶಾಲೆಗಳಲ್ಲಿ ಈಗ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಆಯ್ಕೆ ನಡೆಯುತ್ತಿದೆ. ಶಿಕ್ಷಣ ಸಂಯೋಜಕಿಯಾಗಿ ನಿವೃತ್ತರಾದ, ಸಮಿತಿ ಸದಸ್ಯರಿಗೆ ತರಬೇತಿ ಕೊಡುತ್ತಿದ್ದ ಮೇಡಂ ಇವತ್ತು ಸಂಜೆ ಉತ್ತರಿಸುತ್ತಾರೆ. ಶಾಲೆಯ ಹೆಸರು, ಶಿಕ್ಷಕರ ಹೆಸರು ಹಾಕಬೇಡಿ.

ಶಿರಾದ ಪೋಷಕ: ಮೇಡಂ, ಸಮಿತಿಗೆ ನಿಲ್ಲಬೇಕು ಅಂತಿದ್ದೇನೆ. ಓದಿದ್ದು ಏಳನೇ ಕ್ಲಾಸು. ಆಗುತ್ತದಾ?

ಮೇಡಂ: ಆಗುತ್ತದೆ. ವಿದ್ಯಾರ್ಹತೆ ಕೇಳುವುದಿಲ್ಲ. ನಿಮ್ಮ ಮಗು ಆ ಶಾಲೆಯಲ್ಲಿ ಓದುತ್ತಿರಬೇಕು. ಮುಖ್ಯ ಶಿಕ್ಷಕರು ಪೋಷಕರ ಸಭೆ ಕರೆಯುತ್ತಾರೆ, ಅಲ್ಲಿ 18 ಪೋಷಕರನ್ನು ಆರಿಸುತ್ತಾರೆ, ಅವರೊಳಗೇ ಅಧ್ಯಕ್ಷರು, ಉಪಾಧ್ಯಕ್ಷರು. ಅರ್ಧದಷ್ಟು ಮಹಿಳೆಯರು ಇರಲೇಬೇಕು. ಇದು 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂನಲ್ಲಿದೆ. ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಮಕ್ಕಳ ಸಂಖ್ಯೆಗೆ ತಕ್ಕಷ್ಟು ಜಾಗ. ಅವಧಿ 3 ವರ್ಷ, ಮಗು ಶಾಲೆ ಬಿಟ್ಟರೆ ಸದಸ್ಯತ್ವವೂ ಮುಗಿಯಿತು. ಸಭೆ ಯಾವತ್ತು ಅಂತ ನಾಳೆಯೇ ಹೋಗಿ ಕೇಳಿ. ಎಷ್ಟೋ ಕಡೆ ನೋಟಿಸು ಬೋರ್ಡಿನಲ್ಲೇ ಉಳಿಯುತ್ತದೆ, ಹತ್ತು ಜನ ಬಂದು ಮೊದಲೇ ಬರೆದಿಟ್ಟ ಪಟ್ಟಿಗೆ ಚಪ್ಪಾಳೆ ತಟ್ಟಿ ಹೋಗುತ್ತಾರೆ. ನಿಮ್ಮ ಬೀದಿಯ ತಾಯಂದಿರನ್ನೂ ಕರೆದುಕೊಂಡು ಹೋಗಿ.

ಹಾನಗಲ್‌ನ ಅಜ್ಜಿ: ಮೊಮ್ಮಗಳು ನನ್ನ ಹತ್ತಿರವೇ ಬೆಳೆಯುತ್ತಿದ್ದಾಳೆ, ತಂದೆ ತಾಯಿ ಇಲ್ಲ. ನಾನು ನಿಲ್ಲಬಹುದಾ ತಾಯಿ?

ಮೇಡಂ: ನಿಲ್ಲಬಹುದು ಅಜ್ಜಿ. ತಂದೆ, ತಾಯಿ ಅಥವಾ ಮಗುವನ್ನು ಸಾಕುತ್ತಿರುವವರು ಅಂತಲೇ ಕಾಯ್ದೆ ಹೇಳುತ್ತದೆ. ಖಂಡಿತ ನಿಲ್ಲಿ.

ಬೆಂಗಳೂರಿನ ಪೋಷಕಿ: ನಮ್ಮದು ಖಾಸಗಿ ಶಾಲೆ, ಫೀಸು ಪ್ರತಿ ವರ್ಷ ಏರಿಸುತ್ತಾರೆ. ಅಲ್ಲೂ ಎಸ್‌ಡಿಎಂಸಿ ಮಾಡಿಸಬಹುದಾ?

ಮೇಡಂ: ಅನುದಾನ ಇಲ್ಲದ ಖಾಸಗಿ ಶಾಲೆಗೆ ಇದು ಅನ್ವಯಿಸುವುದಿಲ್ಲ.

ತುಮಕೂರಿನ ಸದಸ್ಯ: ಒಂದು ಫಾರ್ವರ್ಡ್ ಬಂದಿದೆ, ಇದು ನಿಜನಾ ನೋಡಿ ಮೇಡಂ. "ಎಸ್‌ಡಿಎಂಸಿ ಅಧ್ಯಕ್ಷರಿಗೆ ಶಿಕ್ಷಕರನ್ನು ಅಮಾನತು ಮಾಡುವ ಅಧಿಕಾರ. ತಿಂಗಳಿಗೆ ಗೌರವಧನ. ಪ್ರತಿ ಪೋಷಕರೂ ತಿಂಗಳಿಗೆ 100 ರೂಪಾಯಿ ಕಡ್ಡಾಯ. ಎಲ್ಲರಿಗೂ ಕಳುಹಿಸಿ."

ಮೇಡಂ: ಮೂರೂ ಸುಳ್ಳು. ಅಮಾನತು, ವರ್ಗಾವಣೆ ಇಲಾಖೆಯ ಕೆಲಸ. ಶಿಕ್ಷಕರು ಸರಿಯಾದ ಹೊತ್ತಿಗೆ ಬರುತ್ತಾರಾ ಅಂತ ಸಮಿತಿ ನೋಡಬಹುದು, ಬರದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಅವರಿಗೆ ಬರೆಯಬಹುದು. ಗೌರವಧನ ಇಲ್ಲ. 100 ರೂಪಾಯಿಯ ಸುತ್ತೋಲೆ 2022ರ ಅಕ್ಟೋಬರ್‌ನಲ್ಲಿ ಬಂದಿತ್ತು, ಅದರಲ್ಲೂ ದೇಣಿಗೆ ಅಂತ ಇತ್ತೇ ಹೊರತು ಕಡ್ಡಾಯ ಅಂತ ಇರಲಿಲ್ಲ, ವಿರೋಧ ಬಂದ ಕೂಡಲೇ ವಾಪಸ್ ತೆಗೆದುಕೊಂಡರು. ಆ ಹಳೇ ಕಾಗದ ಹಿಡಿದು ಕೂಲಿ ಮಾಡುವ ತಾಯಂದಿರ ಹತ್ತಿರ ದುಡ್ಡು ಕೇಳುವವರು ಇನ್ನೂ ಇರಬಹುದು, ಆದ್ದರಿಂದ ದಯವಿಟ್ಟು ಇದನ್ನು ಮುಂದೆ ಕಳುಹಿಸಬೇಡಿ.

ಅಡ್ಮಿನ್ (ಹೆಸರು ಬೇಡ ಎಂದವರ ಪರವಾಗಿ): "ನಾನು ಅಧ್ಯಕ್ಷೆ. ಮಗ ನಾಲ್ಕನೇ ಕ್ಲಾಸು. ಶಾಲೆಯಲ್ಲಿ 64 ಮಕ್ಕಳು. ಆಯ್ಕೆಯಾದ ವಾರವೇ ಮುಖ್ಯ ಶಿಕ್ಷಕರು ಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕದ ಖಾಲಿ ಹಾಳೆಗಳಿಗೆ ಸಹಿ ಹಾಕಿಸಿಕೊಂಡರು, ಪದೇ ಪದೇ ನಿಮ್ಮನ್ನು ಕರೆಸುವುದು ಬೇಡ ಅಂದರು. ಈಗ ಕೊಠಡಿ ದುರಸ್ತಿ ಅಂತ 18,000 ರೂಪಾಯಿ ಖರ್ಚು ತೋರಿಸಿದ್ದಾರೆ. ಆ ಕೊಠಡಿಯ ತಾರಸಿಯಿಂದ ಗಾರೆ ಉದುರುತ್ತಲೇ ಇದೆ, ಕಬ್ಬಿಣ ಕಾಣುತ್ತದೆ. ಎರಡನೇ ಕ್ಲಾಸಿನ ಮಕ್ಕಳು ಅಲ್ಲೇ ಕೂರುತ್ತಾರೆ. ಕೇಳಿದರೆ ನಿಮ್ಮದೇ ಸಹಿ ಇದೆಯಲ್ಲಮ್ಮ ಅನ್ನುತ್ತಾರೆ. ಜಗಳ ಆಡಿದರೆ ಮಗನಿಗೆ ತೊಂದರೆ ಅಂತ ಮನೆಯವರು ಸುಮ್ಮನಿರು ಅನ್ನುತ್ತಾರೆ."

ಮೇಡಂ: ತಾಯಿ, ಮಿಕ್ಕ ಪ್ರಶ್ನೆಗಳು ಕಾಯಲಿ. ದುಡ್ಡಿನ ಮಾತು ಆಮೇಲೆ, ಮೊದಲು ಮಕ್ಕಳು ಆ ಕೊಠಡಿಯಿಂದ ಹೊರಗೆ ಬರಬೇಕು. ಕಬ್ಬಿಣ ಕಾಣುತ್ತಿದೆ ಅಂದರೆ ಒಳಗೆ ತುಕ್ಕು ಹಿಡಿದು ಗಾರೆಯನ್ನು ತಳ್ಳುತ್ತಿದೆ ಅಂತ ಅರ್ಥ, ಮಳೆಗಾಲದಲ್ಲಿ ಅದು ಜಾಸ್ತಿಯಾಗುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ ಸುಣ್ಣ ಹೊಡೆದರೆ ಬಿರುಕು ಮುಚ್ಚುತ್ತದೆ ಅಷ್ಟೇ, ತಾರಸಿ ಗಟ್ಟಿಯಾಗುವುದಿಲ್ಲ. ಇವತ್ತು ರಾತ್ರಿಯೇ ಮುಖ್ಯ ಶಿಕ್ಷಕರಿಗೆ ಫೋನು ಮಾಡಿ, ನಾಳೆಯಿಂದ ಆ ಕೊಠಡಿಗೆ ಬೀಗ ಹಾಕಿಸಿ ಅಂತ ಕೇಳಿ. ದನಿ ಏರಿಸಬೇಡಿ. ಅಲ್ಲೇನಾದರೂ ಆದರೆ ಮೊದಲು ಉತ್ತರ ಕೊಡಬೇಕಾದವರು ಅವರೇ, ಅದು ಅವರಿಗೂ ಗೊತ್ತು.

ನಾಳೆ ಬೆಳಿಗ್ಗೆ ಒಂದು ಪತ್ರ ಬರೆಯಿರಿ. ದೊಡ್ಡ ಪತ್ರ ಬೇಡ. ಇಂಥ ಕೊಠಡಿಯಲ್ಲಿ ಗಾರೆ ಉದುರುತ್ತಿದೆ, ಮಕ್ಕಳನ್ನು ಬೇರೆ ಕಡೆ ಕೂರಿಸಬೇಕು, ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದವರು ಬಂದು ಪರಿಶೀಲಿಸಬೇಕು ಅಂತ ಬರೆದರೆ ಸಾಕು. ಮುಖ್ಯ ಶಿಕ್ಷಕರಿಗೆ ಒಂದು, ಬಿಇಒ ಕಚೇರಿಗೆ ಒಂದು, ಪಂಚಾಯಿತಿಯ ಪಿಡಿಒ, ಅಂದರೆ ಅಭಿವೃದ್ಧಿ ಅಧಿಕಾರಿ ಅವರಿಗೆ ಒಂದು. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ತಾರಸಿಯ ಫೋಟೊ ನಾಲ್ಕೂ ಮೂಲೆಯಿಂದ ತೆಗೆದಿಟ್ಟುಕೊಳ್ಳಿ.

ಆಮೇಲೆ ಲೆಕ್ಕ. 64 ಮಕ್ಕಳ ಶಾಲೆಗೆ ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ ವರ್ಷಕ್ಕೆ 25,000 ರೂಪಾಯಿ. ಕಲಿಕಾ ಸಾಮಗ್ರಿ, ಸಣ್ಣಪುಟ್ಟ ರಿಪೇರಿ ಎಲ್ಲ ಅದರಲ್ಲೇ ಆಗಬೇಕು, ಹತ್ತರಲ್ಲೊಂದು ಪಾಲಾದರೂ ಶುಚಿತ್ವಕ್ಕೆ ಹೋಗಬೇಕು. ಅದರಲ್ಲಿ 18,000 ಒಂದೇ ಕೊಠಡಿಗೆ ಹೋಗಿದ್ದರೆ ಕೆಲಸ ಕಣ್ಣಿಗೆ ಕಾಣಬೇಕು. ಸಮಿತಿಯ ಸಭೆ ಕರೆಸಿ, ಬಿಲ್ಲು, ಓಚರು, ಬ್ಯಾಂಕಿನ ವಿವರ ಮೇಜಿನ ಮೇಲೆ ಇಡಿಸಿ. ಅನುದಾನ ಹೇಗೆ ಖರ್ಚಾಗುತ್ತಿದೆ ಅಂತ ನೋಡುವುದು ಸಮಿತಿಗೆ ಕಾಯ್ದೆಯೇ ಕೊಟ್ಟ ಕೆಲಸ. ಖಾಲಿ ಹಾಳೆಗೆ ಸಹಿ ಪಡೆದಿದ್ದಾರೆ ಅನ್ನುವುದನ್ನು ಆ ಸಭೆಯ ನಡಾವಳಿಯಲ್ಲೇ ಬರೆಸಿ, ಇನ್ನೂ ಖಾಲಿ ಇರುವ ಹಾಳೆಗಳಿಗೆ ಎಲ್ಲರ ಮುಂದೆ ಅಡ್ಡಗೆರೆ ಎಳೆಸಿ. ಮುಂದೆ ಸಹಿ ಹಾಕುವಾಗ ಕೊನೆಯ ಸಾಲಿಗೆ ಅಂಟಿಸಿ ಹಾಕಿ, ದಿನಾಂಕ ಬರೆಯಿರಿ, ಪುಟದ ಫೋಟೊ ತೆಗೆದುಕೊಳ್ಳಿ.

ಮಗನ ವಿಷಯ. ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಅಂಥದ್ದು ನಡೆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ನೀವು ಒಬ್ಬರೇ ಓಡಾಡಬೇಡಿ. ಎರಡನೇ ಕ್ಲಾಸಿನ ಮಕ್ಕಳ ತಾಯಂದಿರಲ್ಲಿ ಇಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಿ, ಪತ್ರದ ಮೇಲೆ ಅವರ ಸಹಿಯೂ ಇರಲಿ.

ದಾವಣಗೆರೆಯ ಶಿಕ್ಷಕ: ಮೇಡಂ ಮೇಲೆ ಗೌರವ ಇದೆ, ಆದರೆ ಮುಖ್ಯ ಶಿಕ್ಷಕರೆಲ್ಲ ಕಳ್ಳರು ಅನ್ನುವ ಹಾಗೆ ಓದಿಸುತ್ತದೆ. ಮೊಟ್ಟೆ ತರಬೇಕು, ಹಾಲಿನ ಪುಡಿ ಲೆಕ್ಕ ಇಡಬೇಕು, ಆನ್‌ಲೈನ್ ಎಂಟ್ರಿ ಮಾಡಬೇಕು, ಸಮೀಕ್ಷೆಗೆ ಹೋಗಬೇಕು. ಸಭೆ ಕರೆದರೆ ಒಬ್ಬ ಪೋಷಕರೂ ಬರುವುದಿಲ್ಲ. ಸಹಿ ಮೊದಲೇ ತೆಗೆದುಕೊಳ್ಳದೆ ಏನು ಮಾಡಬೇಕು?

ರಾಯಚೂರಿನ ಪೋಷಕ: ಸಂಬಳ ತೆಗೆದುಕೊಳ್ಳುವುದು ಯಾತಕ್ಕೆ ಸರ್? ನಾವು ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರಬೇಕು, ನೀವು ಹಗಲು ಹನ್ನೊಂದಕ್ಕೆ ಸಭೆ ಇಡುತ್ತೀರಿ.

ದಾವಣಗೆರೆಯ ಶಿಕ್ಷಕ: ರಾತ್ರಿ ಇಡಲಾ? ನಿಮ್ಮ ಮಕ್ಕಳನ್ನು ನಾವು ಓದಿಸುತ್ತೇವೆ, ನಿಮಗೆ ಎರಡು ಗಂಟೆ ಕೂರಲು ಆಗುವುದಿಲ್ಲ.

ಬೆಂಗಳೂರಿನ ಪೋಷಕಿ: ಖಾಸಗಿ ಶಾಲೆ ಬಗ್ಗೆ ಏನಾದರೂ ದಾರಿ ಹೇಳಿ ಮೇಡಂ.

ಮಂಡ್ಯದ ಸದಸ್ಯ: ಇದೆಲ್ಲ ಪುಸ್ತಕದ ಮಾತು. ನಮ್ಮೂರಲ್ಲಿ ಅಧ್ಯಕ್ಷ ಯಾರು ಅಂತ ಪಾರ್ಟಿಯವರು ನಿರ್ಧರಿಸುತ್ತಾರೆ.

ರಾಯಚೂರಿನ ಪೋಷಕ: ಅದಕ್ಕೆ ನೀವು ಸುಮ್ನೆ ಮನೆಯಲ್ಲಿ ಕೂತಿದ್ದೀರಿ ಅಲ್ವಾ.

ಮಂಡ್ಯದ ಸದಸ್ಯ: ನಾಲಿಗೆ ಬಿಗಿ ಹಿಡಿದು ಮಾತಾಡಿ.

ಮೇಡಂ: ಸಾಕು ಮಾಡಿ. ಶಿಕ್ಷಕ ಸರ್, ನಿಮ್ಮ ಕಷ್ಟ ನಿಜ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ 27ನೇ ಕಲಂ ಇದೆ, ನಿಮ್ಮ ಮೇಲೆ ಹೊರೆ ಬಿದ್ದಾಗ ಅದನ್ನು ಹಿಡಿದು ಮೇಲಿನವರಿಗೆ ಬರೆಯಬೇಕಾದದ್ದೂ ಇದೇ ಸಮಿತಿ. ಆದರೆ ಕೆಲಸ ಜಾಸ್ತಿ ಅನ್ನುವುದು ಖಾಲಿ ಹಾಳೆಗೆ ಸಹಿ ಪಡೆಯಲು ಕಾರಣ ಆಗುವುದಿಲ್ಲ. ಅಂಥ ಸಹಿಯ ಕೆಳಗೆ ಯಾರು ಏನು ಬರೆದರೂ ಸಿಕ್ಕಿಕೊಳ್ಳುವುದು ಸಹಿ ಹಾಕಿದ ಹೆಣ್ಣುಮಗಳು. ಸಭೆಯ ಹೊತ್ತು ಬದಲಿಸಿ. ಸಂತೆ ದಿನವೋ ಸಂಜೆಯೋ ಪೋಷಕರನ್ನೇ ಕೇಳಿ ಗೊತ್ತು ಮಾಡಿ. ಮಂಡ್ಯದವರೇ, ಪಾರ್ಟಿಯವರ ಪಟ್ಟಿ ಬಂದಾಗ ಕೈ ಎತ್ತಿ ಮತಕ್ಕೆ ಹಾಕಿ ಅಂತ ಕೇಳಿ. ಕೇಳುವವರು ಇಲ್ಲದ ಕಡೆ ಮಾತ್ರ ಪಟ್ಟಿ ನಡೆಯುತ್ತದೆ.

ಮಂಡ್ಯದ ಸದಸ್ಯ: ಹೇಳುವುದು ಸುಲಭ.

ಕಾಸರಗೋಡಿನ ಓದುಗ: ನಮ್ಮ ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದರೆ ಶಾಲಾ ಸಮಿತಿ ಏನು ಮಾಡಬಹುದು ಮೇಡಂ?

ತುಮಕೂರಿನ ಸದಸ್ಯ: ಇನ್ನೊಂದು ಬಂದಿದೆ. "ಶಿಕ್ಷಕರು ತಡವಾಗಿ ಬಂದರೆ ಅಧ್ಯಕ್ಷರು ಗೇಟಿಗೆ ಬೀಗ ಹಾಕಬಹುದು, ಕಾನೂನು ನಿಮ್ಮ ಪರ." ಇದು?

ಮೇಡಂ: ಹಾಕಬೇಡಿ! ಗೇಟು ಮುಚ್ಚಿದರೆ ಬೀದಿಯಲ್ಲಿ ನಿಲ್ಲುವುದು ಮಕ್ಕಳು, ತಪ್ಪುವುದು ಅವರ ಪಾಠ, ಅವರ ಊಟ. ಪೊಲೀಸರು ಬಂದರೆ ಕೇಸು ಬೀಗ ಹಾಕಿದವರ ಮೇಲೆ. ಬರೆದವರು ಯಾರು ಅಂತ ಗೊತ್ತಿಲ್ಲದ್ದನ್ನು ನಂಬಿ ಊರಿನ ಶಾಲೆ ಕೆಡಿಸಬೇಡಿ. ಇನ್ನು ಮೇಲೆ ಫಾರ್ವರ್ಡಿಗೆ ನಾನು ಉತ್ತರ ಕೊಡುವುದಿಲ್ಲ.

ಹಾಸನದ ಪೋಷಕ: ನನ್ನ ಹೆಂಡತಿ ಉಪಾಧ್ಯಕ್ಷೆ. ಅವಳ ಬದಲು ನಾನು ಸಭೆಗೆ ಹೋಗಿ ಸಹಿ ಹಾಕಬಹುದಾ?

ಮೇಡಂ: ಇಲ್ಲ. ಅವರನ್ನು ಕಳುಹಿಸಿ, ಅಷ್ಟು ಹೊತ್ತು ಮನೆ ನೀವು ನೋಡಿಕೊಳ್ಳಿ.

ಕೊಪ್ಪಳದ ಸದಸ್ಯ: ಅಧ್ಯಕ್ಷರಿಗೆ ಗೌರವಧನ ಎಷ್ಟು ಮೇಡಂ?

ಮೇಡಂ: ಮೇಲೆ ಓದಿ.

ಬೆಂಗಳೂರಿನ ಪೋಷಕಿ: ಖಾಸಗಿ ಶಾಲೆಯವರು ಪೋಷಕರೇ ಅಲ್ಲವಾ? ಉತ್ತರಾನೇ ಇಲ್ಲ.

ಮೇಡಂ: ಒಮ್ಮೆ ಕೊಟ್ಟಿದ್ದೇನೆ.

ಅಡ್ಮಿನ್ (ಹೆಸರು ಬೇಡ ಎಂದವರ ಪರವಾಗಿ): "ಫೋನು ಮಾಡಿದೆ. ನಾಳೆಯಿಂದ ಎರಡು ಮತ್ತು ಮೂರನೇ ಕ್ಲಾಸು ಒಟ್ಟಿಗೆ ಕೂರಿಸುತ್ತೇನೆ, ಪತ್ರ ಗಿತ್ರ ಯಾಕಮ್ಮ ಅಂದರು."

ಮೇಡಂ: ಕೊಠಡಿ ಖಾಲಿಯಾಗುತ್ತದೆ, ಒಳ್ಳೆಯದಾಯಿತು. ಪತ್ರ ಕೊಡಲೇಬೇಕು. ಬಾಯಿಮಾತಿಗೆ ಎಂಜಿನಿಯರ್ ಬರುವುದಿಲ್ಲ. ಬಿಇಒ ಕಚೇರಿಯಲ್ಲಿ ಸೀಲು ಹಾಕಲು ಒಪ್ಪದಿದ್ದರೆ ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ ಕಳುಹಿಸಿ, ರಸೀದಿ ಜೋಪಾನ. ತಾರಸಿ ಹಾಗೇ ಉಳಿದರೆ ಕಾಯ್ದೆಯ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಅವರು 3 ತಿಂಗಳೊಳಗೆ ತೀರ್ಮಾನಿಸಬೇಕು, ಅದು ಸರಿ ಅನ್ನಿಸದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಪತ್ರ ಬರೆದ ಮೇಲೆ ಅಡ್ಮಿನ್ ಮೂಲಕ ನನಗೆ ಕಳುಹಿಸಿ, ಕೊಡುವ ಮುಂಚೆ ಒಮ್ಮೆ ಓದಿ ನೋಡುತ್ತೇನೆ.