ಪುಟ್ಟನ ಗಾಡಿ ಮಿಸ್ಸಿಂಗಿಗೆ ಮಾವನ ಉದ್ದದ ಉತ್ತರ

ಪುಟ್ಟಾ, ನಮ್ ಫ್ಯಾಮಿಲಿ ಗ್ರೂಪಲ್ಲಿ ನಿನ್ ಮೆಸೇಜ್ ಈಗಷ್ಟೇ ನೋಡ್ದೆ, ಟೈಪ್ ಮಾಡೋಕೆ ಬೇಜಾರು, ನಾನ್ ಮಾತಾಡಿದ್ದನ್ನೇ ಫೋನ್ ಬರ್ಕೊಳ್ತಿದೆ, ಏನಾದ್ರೂ ತಪ್ಪಾಗಿ ಬಂದಿದ್ರೆ ಸರಿ ಮಾಡ್ಕೊಂಡ್ ಓದು.

ಮಳೆ ಬಂದಾಗ, ಇಬ್ಬನಿ ಬಿದ್ದ ಬೆಳಿಗ್ಗೆ ಗಾಡಿ ಮಿಸ್ಸಿಂಗ್ ಹೊಡಿಯುತ್ತೆ (ಇಂಜಿನ್ ತಡವರಿಸುತ್ತೆ), ಸ್ವಲ್ಪ ಬಿಸಿ ಆದ್ಮೇಲೆ ಏನೂ ಆಗಿಲ್ವೇನೋ ಅನ್ನೋ ಹಂಗೆ ಓಡುತ್ತೆ, ಪೆಟ್ರೋಲಿಗೆ ಕಿಡಿ ಹಚ್ಚೋ ಪ್ಲಗ್ ಹೊಸದು ಹಾಕಿದ್ರೂ ಹಂಗೇನೇ ಅಂದ್ಯಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಭಾವ, ನೀವು ಇದೇ ಗ್ರೂಪಲ್ಲಿ ಕಾರ್ಬುರೇಟರ್ (ಪೆಟ್ರೋಲು ಗಾಳಿ ಬೆರೆಸೋದು) ಬಿಚ್ಚಿಸು ಅಂದಿದ್ದು ತಪ್ಪು ಅಂತಲ್ಲ, ಆದ್ರೆ ತೇವ ಇದ್ದಾಗ ಮಾತ್ರ ಕಾಟ ಕೊಡ್ತಿದ್ರೆ ನಾನು ಮೊದ್ಲು ನೋಡೋದು ಪ್ಲಗ್ ವೈರ್, ಆಮೇಲೆ ಕರೆಂಟನ್ನ ಒಂದೊಂದು ಪ್ಲಗ್ಗಿಗೆ ಸರದಿ ಪ್ರಕಾರ ಹಂಚೋ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅದೇ ಕ್ಯಾಪ್. ಆ ವೈರಲ್ಲಿ ಹರಿಯೋದು ಸಾವಿರಾರು ವೋಲ್ಟು, ರಬ್ಬರ್ ಹಳೇದಾಗಿ ಸಣ್ಣಗೆ ಬಿರುಕು ಬಿಟ್ಟಿದ್ರೆ ಕರೆಂಟು ಪ್ಲಗ್ ತನಕ ಹೋಗೋ ಬದ್ಲು ಪಕ್ಕದ ಇಂಜಿನ್ ಲೋಹಕ್ಕೇ ಹಾರ್ಬಿಡುತ್ತೆ, ತೇವ ಇದ್ರಂತೂ ಇನ್ನೂ ಸಲೀಸು.

ಕತ್ತಲಾದ್ಮೇಲೆ ಬಾನೆಟ್ ಎತ್ತಿ, ಇಂಜಿನ್ ಆನ್ ಇಟ್ಟು, ಸ್ಪ್ರೇ ಬಾಟಲಲ್ಲಿ ನೀರನ್ನ ಮಂಜಿನ ಹಂಗೆ ಸ್ವಲ್ಪ ಹೊಡಿ. ವೈರ್ ಮೇಲೆ ನೀಲಿ ಕಿಡಿ ಕುಣಿದ್ರೆ ಕಳ್ಳ ಸಿಕ್ದ ಅಂತ. ಕೈ ಮಾತ್ರ ಹಾಕ್ಬೇಡ, ಕರೆಂಟಿನ ಒದೆ ತಿಂತೀಯ. ಮತ್ತೆ ಅಜ್ಜ ಟಾರ್ಚ್ ಹಿಡೀತೀನಿ ಅಂತ ಬಂದೇ ಬರ್ತಾರೆ, ಅವ್ರಿಗೆ ಪೇಸ್‌ಮೇಕರ್ ಇದೆ, ಓಡ್ತಿರೋ ಇಂಜಿನ್ ಹತ್ರ ಬಿಡ್ಲೇಬೇಡ.

ಬದಲಾಯಿಸೋದಾದ್ರೆ ಸೆಟ್ ಪೂರ್ತಿ ಬದಲಾಯಿಸು, ಕಾಯಿಲ್ (ವೋಲ್ಟು ಏರಿಸೋದು) ಇಂದ ಕ್ಯಾಪ್ ಮಧ್ಯಕ್ಕೆ ಬರೋ ವೈರೂ ಸೇರಿಸಿ. ಒಂದು ಹೋಗಿದ್ರೆ ಮಿಕ್ಕವೂ ಅದೇ ವಯಸ್ಸಿನವು ಅಲ್ವಾ. ಇಂಜಿನ್ ಪೂರ್ತಿ ತಣ್ಣಗಿರ್ಲಿ, ಕೀ ತೆಗೆದಿಟ್ಕೋ. ಇನ್ನು ಮುಖ್ಯವಾದದ್ದು, ಒಂದ್ ವೈರ್ ಬಿಚ್ಚು, ಅದೇ ಉದ್ದದ ಹೊಸದು ಹುಡುಕಿ ಅದೇ ಜಾಗಕ್ಕೆ ಹಾಕು, ಆಮೇಲೆ ಮುಂದಿನದು. ನಾನು ಮೊದಲ್ನೇ ಸಲ ಮಾಡ್ದಾಗ ನಾಲ್ಕೂ ಒಟ್ಟಿಗೇ ಕಿತ್ತಾಕ್ದೆ, ಆಮೇಲೆ ಕ್ಯಾಪ್ ಸುತ್ತ 1, 2, 3, 4 ಅಂತ ಎಣಿಸ್ಕೊಂಡು ಜಾಣನ ಥರ ಹಾಕ್ದೆ. ಆ ಇಂಜಿನ್ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗೋ ಸರದಿ) 1-3-4-2, ಅಂದ್ರೆ ಒಂದೇ ಸರಿ, ಮಿಕ್ಕ ಮೂರೂ ತಪ್ಪು. ಸ್ಟಾರ್ಟ್ ಹೊಡೆದ್ರೆ ಕಾರ್ಬುರೇಟರಿಂದ ಢಂ ಅಂತು ನೋಡು, ನಿಮ್ಮತ್ತೆ ಅಡುಗೆಮನೆಯಿಂದ ಓಡ್ಬಂದ್ಲು, ಇವತ್ತಿಗೂ ಬಿಟ್ಟಿಲ್ಲ ಆ ಕಥೆ ಹೇಳೋದನ್ನ. ಎಲ್ಲಾ ಗಾಡಿಗೂ ಅದೇ ಆರ್ಡರ್ ಅಂತ ತಿಳ್ಕೋಬೇಡ ಮತ್ತೆ, ಕ್ಯಾಪ್ ಒಳಗಿರೋ ರೋಟರ್ ತಿರುಗೋ ದಿಕ್ಕೂ ಬೇರೆ ಬೇರೆ ಇರುತ್ತೆ, ಅದಕ್ಕೇ ಹೇಳೋದು ಮೊದ್ಲು ಒಂದ್ ಫೋಟೋ ತೆಕ್ಕೋ.

ಕೀಳೋವಾಗ ವೈರ್ ಹಿಡ್ದು ಜಗ್ಗಬೇಡ, ತುದೀಲಿರೋ ರಬ್ಬರ್ ಟೋಪಿ ಹಿಡ್ದು ಆ ಕಡೆ ಈ ಕಡೆ ಸ್ವಲ್ಪ ತಿರುಗಿಸಿ ಅಂಟು ಬಿಟ್ಮೇಲೆ ಎಳಿ. ಒಳಗಿರೋದು ಎಷ್ಟೋ ವೈರಲ್ಲಿ ತಾಮ್ರ ಅಲ್ಲ, ಕಾರ್ಬನ್ ದಾರ, ಜಗ್ಗಿದ್ರೆ ಒಳಗೇ ತುಂಡಾಗುತ್ತೆ, ಹೊರಗಿಂದ ಹೊಸದರ ಹಂಗೇ ಕಾಣುತ್ತೆ. ಹೊಸದು ಹಾಕೋವಾಗ ಟೋಪಿ ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಯದ ಗ್ರೀಸ್) ತೆಳ್ಳಗೆ ಸವರು, ಟಕ್ ಅಂತ ಕೂರೋ ತನಕ ಒತ್ತು. ವೈರ್ ಹಿಡಿದಿಡೋ ಕ್ಲಿಪ್‌ಗಳನ್ನ ಬಿಸಾಕ್ಬೇಡ, ವೈರ್ ಬಿಸಿ ಹೊಗೆ ಹೊರಗೆ ಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಿದ್ರೆ ಸುಟ್ಟು ಹೋಗುತ್ತೆ, ಒಂದಕ್ಕೊಂದು ಅಂಟ್ಕೊಂಡು ಉದ್ದಕ್ಕೂ ಓಡಿದ್ರೆ ಒಂದರ ಕಿಡಿ ಇನ್ನೊಂದಕ್ಕೆ ಹಾರ್ಬೋದು.

ಹಾಂ, ಕ್ಯಾಪ್ ಬಿಚ್ಚಿ ಒಳಗೂ ನೋಡು, ಕಪ್ಪು ಗೆರೆ ಕೂದಲಿನಷ್ಟು ಸಣ್ಣಗೆ ಎಳೆದಂಗಿದ್ರೆ ವೈರ್ ಹೊಸದಾದ್ರೂ ಪ್ರಯೋಜನ ಇಲ್ಲ, ಕ್ಯಾಪೂ ಬದಲಾಯಿಸ್ಬೇಕು. ಹಳೇ ವೈರ್ ಬಿಸಾಕೋ ಮುಂಚೆ ಮಲ್ಟಿಮೀಟರಲ್ಲಿ ಅಳೆದು ನೋಡು. ಸೊನ್ನೆ ಬರಲ್ಲ, ಕಾರ್ಬನ್ ವೈರಿಗೆ ಒಂದು ಅಡಿ ಉದ್ದಕ್ಕೆ ಕೆಲವು ಸಾವಿರ ಓಂ ತಡೆ (ರೆಸಿಸ್ಟೆನ್ಸ್) ಇರೋದೇ ಸಹಜ, ರೇಡಿಯೋದಲ್ಲಿ ಗೊರಗೊರ ಬರಬಾರ್ದು ಅಂತ ಹಂಗೇ ಮಾಡಿರ್ತಾರೆ, ಆದ್ರೆ ಹೆಚ್ಚುಕಮ್ಮಿ ಒಂದೇ ಉದ್ದದ ಎರಡರಲ್ಲಿ ಒಂದು 8 ಸಾವಿರ, ಇನ್ನೊಂದು 40 ಸಾವಿರ ತೋರಿಸಿದ್ರೆ ಆ ಎರಡನೇದೇ ಸತ್ತಿರೋದು. ನಂಬರ್ ಇಲ್ಲೇ ಗ್ರೂಪಲ್ಲಿ ಹಾಕು, ಕಾರ್ಬುರೇಟರ್ ಬಿಚ್ಚಿಸ್ಬೇಕಾ ಬೇಡ್ವಾ ಅಂತ ಭಾವನೂ ನೋಡ್ಲಿ.